ಆ್ಯಂಟಿವೈರಸ್ ಆಫ್ ಮಾಡಿ ಎಂದವರು ಯಾರು?

ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದ ಸಾಫ್ಟ್‌ವೇರ್‌ನ ಜಿಪ್ ಫೈಲು ಬಿಚ್ಚಿದರೆ ಒಳಗೆ ಒಂದು ಸೆಟಪ್, ‘ಕ್ರ್ಯಾಕ್’ ಅಂತ ಹೆಸರಿಟ್ಟ ಒಂದು ಫೋಲ್ಡರ್, ಜೊತೆಗೊಂದು ಪುಟ್ಟ ಟೆಕ್ಸ್ಟ್ ಫೈಲ್ ಇರುತ್ತದೆ. ಯಾರೂ ಪೂರ್ತಿ ಓದದ ಆ ಟೆಕ್ಸ್ಟ್ ಫೈಲನ್ನು ಒಮ್ಮೆ ನಿಧಾನವಾಗಿ ಓದಬೇಕು. ಅದು ಹೇಳುವುದಿಷ್ಟು: ಮೊದಲು ಆ್ಯಂಟಿವೈರಸ್ ಆಫ್ ಮಾಡಿ. ಆಮೇಲೆ ಕ್ರ್ಯಾಕ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿ. ವೈರಸ್ ಇದೆ ಅಂತ ತೋರಿಸಿದರೆ ಹೆದರಬೇಡಿ, ಕ್ರ್ಯಾಕ್‌ಗೆ ಹಾಗೆ ಬರುವುದು ಮಾಮೂಲು. ಜಿಪ್‌ಗೆ ಪಾಸ್‌ವರ್ಡ್ ಹಾಕಿದ್ದರೆ ಅದೂ ಅಲ್ಲೇ ಬರೆದಿರುತ್ತದೆ, 1234 ಥರದ್ದು. ಎಲ್ಲರ ಕಣ್ಣಿಗೂ ಬೀಳುವಂತೆ ಬರೆದಿಡುವ ಪಾಸ್‌ವರ್ಡ್ ಯಾರನ್ನು ತಡೆಯಲಿಕ್ಕೆ? ದಾರಿಯಲ್ಲಿ ಬ್ರೌಸರ್ರು, ಮೇಲ್ ಸರ್ವರ್ರು, ಆ್ಯಂಟಿವೈರಸ್ಸು ಆ ಜಿಪ್‌ನೊಳಗೆ ಇಣುಕದಿರಲಿ ಅಂತ.

ಮನೆ ಕಂಪ್ಯೂಟರಿನ ಭದ್ರತೆ ಬಗ್ಗೆ ಎಷ್ಟೇ ಮಾತಾಡಿದರೂ ಅದು ಬಂದು ನಿಲ್ಲುವುದು ಈ ಟೆಕ್ಸ್ಟ್ ಫೈಲಿನ ಹತ್ತಿರ. ಹ್ಯಾಕರ್ ಅಂದರೆ ಕತ್ತಲ ಕೋಣೆಯಲ್ಲಿ ಹುಡ್ ಹಾಕಿಕೊಂಡು ಕೂತು ನಮ್ಮ ಮೇಲೆ ಕಣ್ಣಿಟ್ಟವನು ಎಂಬ ಕಲ್ಪನೆ ಸಿನಿಮಾದಿಂದ ಬಂದದ್ದು. ತುಮಕೂರಿನ ಒಂದು ಮನೆಯ ಹಳೇ ಡೆಸ್ಕ್‌ಟಾಪಿನ ಮೇಲೆ ಕಣ್ಣಿಡುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಅವರು ಬಲೆ ಬೀಸಿ ಕೂತಿರುತ್ತಾರೆ, ಪುಕ್ಕಟೆ ಸಿಗುವುದನ್ನು ಹುಡುಕಿಕೊಂಡು ನಾವೇ ಹೋಗಿ ಬೀಳುತ್ತೇವೆ. ಅದೂ ಕಾವಲಿನವನಿಗೆ ರಜೆ ಕೊಟ್ಟು.

ಮೊದಲ 150 ಕೆಬಿ

ರ‍್ಯಾನ್ಸಮ್‌ವೇರ್ ಎಂದರೆ ಫೈಲುಗಳಿಗೆ ಬೀಗ ಜಡಿದು ಕೀಲಿಗೆ ದುಡ್ಡು ಕೇಳುವ ತಂತ್ರಾಂಶ. ಪತ್ರಿಕೆಗಳಲ್ಲಿ ಬರುವುದು ದೊಡ್ಡವರ ಸುದ್ದಿ. 2022ರ ನವೆಂಬರ್‌ನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ನಿಂತುಹೋಗಿ ಓಪಿಡಿ ಚೀಟಿಯನ್ನು ಕೈಯಲ್ಲಿ ಬರೆಯುವಂತಾದಾಗ ದೇಶವೆಲ್ಲ ಮಾತಾಡಿತು. ಆದರೆ ಮನೆಗಳನ್ನು, ಹಾಸ್ಟೆಲ್ ರೂಮುಗಳನ್ನು, ಸಣ್ಣ ಸ್ಟುಡಿಯೊ ಮತ್ತು ಡಿಟಿಪಿ ಅಂಗಡಿಗಳನ್ನು ಸದ್ದಿಲ್ಲದೆ ಹಿಂಡಿದ್ದು ಬೇರೆಯದೇ ಒಂದು. ಅದನ್ನು ಸ್ಟಾಪ್ ಎನ್ನುತ್ತಾರೆ, 2018ರ ಕೊನೆಗೆ ಬಂದ ಅದರ ರೂಪಾಂತರಕ್ಕೆ ಡಿಜೆವಿಯು ಅಂತ ಹೆಸರು. ಇದು ಕಂಪನಿಗಳ ಗೊಡವೆಗೆ ಹೋಗುವುದಿಲ್ಲ. ಇದರ ವಾಹನವೇ ಕ್ರ್ಯಾಕು, ಸುಳ್ಳು ಲೈಸೆನ್ಸ್ ನಂಬರ್ ಕೊಡುವ ಕೀಜೆನ್ನು, ನಕಲಿ ವಿಂಡೋಸನ್ನು ಅಸಲಿಯಂತೆ ತೋರಿಸುವ ಆಕ್ಟಿವೇಟರು.

ಕೆಲಸ ಮಾಡುವ ಬಗೆ ಹೀಗಿದೆ. ಕ್ರ್ಯಾಕ್ ಓಡಿಸಿದ ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ವಿಂಡೋಸ್ ಅಪ್‌ಡೇಟ್ ನಡೆಯುತ್ತಿರುವಂಥ ಕಿಟಕಿ ಬರುತ್ತದೆ. ಅದು ನಕಲಿ. ಡಿಸ್ಕ್ ಯಾಕೆ ಇಷ್ಟು ಗರಗರ ಅನ್ನುತ್ತಿದೆ ಅಂತ ನಮಗೆ ಅನುಮಾನ ಬರದಿರಲಿ ಎಂದು ಇಟ್ಟ ಪರದೆ. ಅದರ ಹಿಂದೆ ಒಂದೊಂದೇ ಫೋಲ್ಡರಿಗೆ ಹೋಗಿ ಫೋಟೊ, ವಿಡಿಯೊ, ವರ್ಡ್, ಎಕ್ಸೆಲ್ ಫೈಲುಗಳನ್ನು ಗೂಢಲಿಪಿಗೆ ಬದಲಾಯಿಸಿ ಪ್ರತಿಯೊಂದರ ಹೆಸರಿನ ಕೊನೆಗೂ ನಾಲ್ಕಕ್ಷರದ ಅರ್ಥವಿಲ್ಲದ ಬಾಲ ಸೇರಿಸುತ್ತದೆ. ವಿಂಡೋಸ್ ತನ್ನಷ್ಟಕ್ಕೆ ಇಟ್ಟುಕೊಂಡಿರುವ ಹಳೆಯ ನಕಲುಗಳನ್ನು ಅಳಿಸುತ್ತದೆ. ‘ಹೋಸ್ಟ್ಸ್’ ಎಂಬ ಫೈಲನ್ನು ತಿದ್ದಿ, ಆ್ಯಂಟಿವೈರಸ್ ಕಂಪನಿಗಳ ತಾಣಗಳೇ ತೆರೆಯದಂತೆ ಮಾಡುತ್ತದೆ. ಎಲ್ಲ ಮುಗಿದ ಮೇಲೆ ಫೋಲ್ಡರಿಗೊಂದರಂತೆ ರೀಡ್‌ಮಿ ಕಾಗದ. ಒಟ್ಟು 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ, ಅಂದರೆ 490. ನಂಬಿಕೆ ಬರಲೆಂದು ಒಂದು ಫೈಲನ್ನು ಪುಕ್ಕಟೆ ಬಿಡಿಸಿಕೊಡುವ ಭರವಸೆ ಬೇರೆ, ಆ ಫೈಲಿನಲ್ಲಿ ಬೆಲೆಬಾಳುವ ಮಾಹಿತಿ ಇರಬಾರದು ಎಂಬ ಷರತ್ತಿನೊಂದಿಗೆ! ಚೌಕಾಸಿ ವ್ಯಾಪಾರ ಬಲ್ಲವರ ಭಾಷೆ ಇದು.

ಇದಕ್ಕೆ ಎದುರು ನಿಂತವರಲ್ಲಿ ಮುಖ್ಯನಾದವನು ಅಮೆರಿಕದ ಇಲಿನಾಯ್ ರಾಜ್ಯದ ಮೈಕೆಲ್ ಗಿಲೆಸ್ಪಿ. ದೊಡ್ಡ ಸಂಸ್ಥೆಯ ವಿಜ್ಞಾನಿಯಲ್ಲ, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಬೀಗ ಬಿದ್ದ ಫೈಲನ್ನು ಏರಿಸಿದರೆ ಇದು ಯಾವ ಜಾತಿಯ ರ‍್ಯಾನ್ಸಮ್‌ವೇರ್, ಬಿಡಿಸಲು ಸಾಧ್ಯವೇ ಎಂದು ಹೇಳುವ ‘ಐಡಿ ರ‍್ಯಾನ್ಸಮ್‌ವೇರ್’ ಎಂಬ ಪುಕ್ಕಟೆ ಸೇವೆಯನ್ನು 2016ರಲ್ಲಿ ಶುರುಮಾಡಿದ. ಅಲ್ಲಿಗೆ ಬರುತ್ತಿದ್ದ ದೂರುಗಳಲ್ಲಿ ಒಂದು ಹಂತದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಸ್ಟಾಪ್‌ನವೇ. 2019ರ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಎಂಬ ಸಂಸ್ಥೆ ಅವನ ಜೊತೆ ಸೇರಿ 148 ರೂಪಾಂತರಗಳನ್ನು ಬಿಡಿಸುವ ಸಾಧನವನ್ನು ಉಚಿತವಾಗಿ ಕೊಟ್ಟಿತು. ಆದರೆ ಅಷ್ಟರಲ್ಲಾಗಲೇ, ಆ ವರ್ಷದ ಆಗಸ್ಟ್ ಹೊತ್ತಿಗೆ, ಕಳ್ಳರು ಬೀಗ ಬದಲಾಯಿಸಿದ್ದರು. ಹೊಸ ರೂಪಗಳಲ್ಲಿ ಕೀಲಿ ಅವರ ಸರ್ವರಿನಲ್ಲೇ ತಯಾರಾಗಿ ಅಲ್ಲೇ ಉಳಿಯುತ್ತದೆ. ಬೀಗ ಬೀಳುವ ಹೊತ್ತಿಗೆ ಆ ಸರ್ವರ್ ಕೈಗೆ ಸಿಗದಿದ್ದರೆ ಮಾತ್ರ ಪ್ರೋಗ್ರಾಮಿನೊಳಗೇ ಇಟ್ಟ ಒಂದು ಸಾಮಾನ್ಯ ಕೀಲಿಯನ್ನು ಬಳಸುತ್ತದೆ. ಅಂಥ ಸಂದರ್ಭದಲ್ಲಿ ರೀಡ್‌ಮಿ ಕೊನೆಯ ಐಡಿ ‘ಟಿ1’ ಎಂದು ಮುಗಿದಿರುತ್ತದೆ. ಆ ಎರಡಕ್ಷರ ಇದ್ದರೆ ಇವತ್ತಲ್ಲ ನಾಳೆ ಬಿಡಿಸಿಕೊಳ್ಳುವ ಆಸೆ ಇಟ್ಟುಕೊಳ್ಳಬಹುದು. ಇಲ್ಲದಿದ್ದರೆ ಕಷ್ಟ.

ಇನ್ನೊಂದು ವಿಷಯ ಫೋಟೊ ಸ್ಟುಡಿಯೊದವರಿಗೆ ಗೊತ್ತಿರಲಿ. ಬೇಗ ಬೇಗ ಕೆಲಸ ಮುಗಿಸುವ ಅವಸರದಲ್ಲಿ ಸ್ಟಾಪ್ ಪ್ರತಿ ಫೈಲಿನ ಮೊದಲ ಸುಮಾರು 150 ಕೆಬಿಯನ್ನಷ್ಟೇ ಕೆಡಿಸುತ್ತದೆ. ಒಂದು ಪುಟದ ಪತ್ರ ಅಷ್ಟರಲ್ಲೇ ಮುಗಿದುಹೋಗುತ್ತದೆ. ಆದರೆ ಎರಡು ಜಿಬಿಯ ಮದುವೆ ವಿಡಿಯೊದಲ್ಲಿ ಧಾರೆ, ಮಾಂಗಲ್ಯ, ಆರತಕ್ಷತೆ ಎಲ್ಲ ಹಾಗೇ ಇರುತ್ತದೆ, ಕೆಟ್ಟಿರುವುದು ತಲೆಭಾಗ ಮಾತ್ರ. ಅದೇ ಕ್ಯಾಮೆರಾದಲ್ಲಿ ತೆಗೆದ ಇನ್ನೊಂದು ಒಳ್ಳೆಯ ಫೈಲನ್ನು ಮಾದರಿಯಾಗಿ ಕೊಟ್ಟರೆ ‘ಮೀಡಿಯಾ ರಿಪೇರ್’ ಎಂಬ ಉಚಿತ ಸಾಧನ ಎಷ್ಟೋ ವಿಡಿಯೊ, ಆಡಿಯೊಗಳನ್ನು ಮತ್ತೆ ಓಡುವಂತೆ ಮಾಡುತ್ತದೆ. ಗಾಬರಿಯಲ್ಲಿ ಫಾರ್ಮ್ಯಾಟ್ ಹೊಡೆಸಿದವರು ಈ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ.

ಲಾಹೋರ್, ಮನಿಲಾ, ಮತ್ತೆ ನಮ್ಮ ಅಂಗಡಿ

ಪುಕ್ಕಟೆಯ ಆಸೆಗೂ ವೈರಸ್ಸಿಗೂ ನಂಟು ಇವತ್ತಿನದಲ್ಲ. ಐಬಿಎಂ ಪಿಸಿಗೆ ಅಂಟಿದ ಮೊದಲ ವೈರಸ್ ಎನಿಸಿಕೊಂಡ ‘ಬ್ರೇನ್’ 1986ರಲ್ಲಿ ಹೊರಟದ್ದು ಲಾಹೋರಿನ ಒಂದು ಕಂಪ್ಯೂಟರ್ ಅಂಗಡಿಯಿಂದ. ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ತಾವು ಬರೆದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ಕಾಪಿ ಹೊಡೆದುಕೊಳ್ಳುತ್ತಾರೆಂದು, ಕಾಪಿ ಮಾಡಿದವರನ್ನು ಹಿಡಿಯಲಿಕ್ಕೆ ಅದನ್ನು ಬರೆದೆವು ಎಂದರು. ಕೋಡಿನೊಳಗೆ ತಮ್ಮ ಅಂಗಡಿಯ ವಿಳಾಸ, ಫೋನ್ ನಂಬರ್ ಎಲ್ಲ ಬರೆದಿದ್ದರು. ಫ್ಲಾಪಿಯಿಂದ ಫ್ಲಾಪಿಗೆ ಹಾರಿ ಅದು ಬೇರೆ ದೇಶಗಳನ್ನೂ ಮುಟ್ಟಿತು, ಅಂಗಡಿಯ ಫೋನ್ ಬಡಿದುಕೊಳ್ಳತೊಡಗಿತು.

ಹದಿನಾಲ್ಕು ವರ್ಷದ ನಂತರ, 2000ದ ಮೇ 4ರಂದು, ಮನಿಲಾದಿಂದ ‘ಐ ಲವ್ ಯೂ’ ಎಂಬ ಇಮೇಲ್ ಹೊರಟಿತು. ಬರೆದವನು ಓನೆಲ್ ಡಿ ಗುಜ್ಮಾನ್ ಎಂಬ ವಿದ್ಯಾರ್ಥಿ. ಇಂಟರ್ನೆಟ್ಟಿಗೆ ಕೊಡಲು ಕಾಸಿಲ್ಲದೆ ಬೇರೆಯವರ ಇಂಟರ್ನೆಟ್ ಪಾಸ್‌ವರ್ಡ್ ಕದಿಯಲಿಕ್ಕೆ ಹೊರಟಿದ್ದ. ಆಗ ಫಿಲಿಪ್ಪೀನ್ಸಿನಲ್ಲಿ ಇದಕ್ಕೊಂದು ಕಾನೂನೇ ಇರಲಿಲ್ಲ, ಹಾಗಾಗಿ ಅವನಿಗೆ ಶಿಕ್ಷೆಯೂ ಆಗಲಿಲ್ಲ. ಎಷ್ಟೋ ವರ್ಷದ ಮೇಲೆ ಒಬ್ಬ ಪತ್ರಕರ್ತ ಹುಡುಕಿಕೊಂಡು ಹೋದಾಗ ಅವನು ಮನಿಲಾದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. (ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷದ ಅಕ್ಟೋಬರ್ 17ರಂದು. ಬೇರೆಯವರ ಕಂಪ್ಯೂಟರಿಗೆ ವೈರಸ್ ಬಿಡುವುದು ಅದರ 43 ಮತ್ತು 66ನೇ ಸೆಕ್ಷನ್‌ಗಳ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು.)

ಆ ಪ್ರೇಮಪತ್ರದಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುವ ಒಂದು ಪಾಠ ಉಂಟು. ಅದರ ಲಗತ್ತಿನ ಹೆಸರಿನಲ್ಲಿ ಟಿಎಕ್ಸ್‌ಟಿ ಅಂತ ಇತ್ತು, ಆಮೇಲೆ ಇನ್ನೊಂದು ಚುಕ್ಕಿ ಇಟ್ಟು ವಿಬಿಎಸ್ ಅಂತ ಇತ್ತು. ಕೊನೆಯದೇ ನಿಜವಾದ ಜಾತಿ, ಓಡುವ ಪ್ರೋಗ್ರಾಮು. ಆದರೆ ವಿಂಡೋಸ್ ಆ ಕೊನೆಯ ಬಾಲವನ್ನು ಮರೆಮಾಡಿ ತೋರಿಸುತ್ತಿತ್ತು, ಜನ ಇದೊಂದು ಕಾಗದ ಅಂದುಕೊಂಡು ಒತ್ತಿದರು. ಇಪ್ಪತ್ತೈದು ವರ್ಷ ಕಳೆದರೂ ಮೈಕ್ರೋಸಾಫ್ಟ್ ಈ ಅಭ್ಯಾಸ ಬಿಟ್ಟಿಲ್ಲ. ಹೊಸ ವಿಂಡೋಸ್ 11ರಲ್ಲೂ ಫೈಲಿನ ಬಾಲ ಮುಚ್ಚಿಯೇ ಇರುತ್ತದೆ. ಪಿಡಿಎಫ್ ಚಿತ್ರ ಅಂಟಿಸಿಕೊಂಡ ‘ಇನ್‌ವಾಯ್ಸ್.ಪಿಡಿಎಫ್.ಇಎಕ್ಸ್‌ಇ’ ನಮ್ಮ ಕಣ್ಣಿಗೆ ‘ಇನ್‌ವಾಯ್ಸ್.ಪಿಡಿಎಫ್’ ಆಗಿಯೇ ಕಾಣುತ್ತದೆ. ನನ್ನ ಮಟ್ಟಿಗೆ ಇದು ಅಕ್ಷಮ್ಯ. ಫೈಲ್ ಎಕ್ಸ್‌ಪ್ಲೋರರ್ ತೆರೆದು ‘ವ್ಯೂ’ ಒತ್ತಿ, ‘ಶೋ’ ಒಳಗಿನ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಮುಂದೆ ಟಿಕ್ ಹಾಕಿ. ಈ ಲೇಖನದಲ್ಲಿ ಒಂದೇ ಒಂದು ಮಾತು ಕೇಳುವಿರಾದರೆ ಇದನ್ನು ಕೇಳಿ. ಇಎಕ್ಸ್‌ಇ, ಎಸ್‌ಸಿಆರ್, ವಿಬಿಎಸ್, ಜೆಎಸ್, ಬಿಎಟಿ, ಎಲ್‌ಎನ್‌ಕೆ ಎಂದು ಮುಗಿಯುವ ಯಾವುದೂ ಬಿಲ್ಲೂ ಅಲ್ಲ, ಫೋಟೊವೂ ಅಲ್ಲ. ವಾಟ್ಸ್ಯಾಪಿನಲ್ಲಿ ಮದುವೆ ಕರೆಯೋಲೆ ಎಂದು ಬರುವ ಎಪಿಕೆ ಫೈಲೂ ಇದೇ ಕುಲದ್ದು, ಅದು ಫೋನಿಗೆ ಮೀಸಲು ಅಷ್ಟೆ.

ಇನ್ನು ನಮ್ಮ ಅಂಗಡಿಗಳ ಮಾತು. ಊರಿನ ಕಂಪ್ಯೂಟರ್ ಅಂಗಡಿಗೆ ಹೋಗಿ ‘ಅಣ್ಣ, ಸಿಸ್ಟಮ್ ಸ್ಲೋ ಆಗಿದೆ’ ಎಂದರೆ ‘ಬಿಟ್ಟು ಹೋಗಿ, ಫಾರ್ಮ್ಯಾಟ್ ಹೊಡೆದು ಎಲ್ಲ ಸಾಫ್ಟ್‌ವೇರ್ ಹಾಕಿಕೊಡ್ತೀನಿ’ ಎಂಬ ಉತ್ತರ ಸಿಗುತ್ತದೆ. ಆ ‘ಎಲ್ಲ’ದಲ್ಲಿ ವಿಂಡೋಸು, ಆಫೀಸು, ಫೋಟೊಶಾಪು, ಕೋರಲ್‌ಡ್ರಾ, ಪೇಜ್‌ಮೇಕರು ಸೇರಿರುತ್ತವೆ, ಎಲ್ಲವೂ ಒಂದೇ ಪೆನ್‌ಡ್ರೈವಿನಿಂದ. ಅಂಗಡಿಯ ಹುಡುಗ ಮೊದಲು ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರನ್ನು ಆಫ್ ಮಾಡುತ್ತಾನೆ, ಇಲ್ಲದಿದ್ದರೆ ಆಕ್ಟಿವೇಟರ್ ಓಡುವುದಿಲ್ಲ. ಆಮೇಲೆ ಅದನ್ನು ಆನ್ ಮಾಡುವುದು ಮರೆಯುತ್ತಾನೆ, ಅಥವಾ ಆಕ್ಟಿವೇಟರ್ ಇರುವ ಫೋಲ್ಡರಿಗೆ ಶಾಶ್ವತ ವಿನಾಯಿತಿ ಕೊಟ್ಟಿರುತ್ತಾನೆ. ಹೀಗೆ ಮನೆಗೆ ಬಂದ ದಿನವೇ ಆ ಕಂಪ್ಯೂಟರಿನಲ್ಲಿ ಯಾರೂ ಕಾಯದ ಒಂದು ಮೂಲೆ ಸಿದ್ಧವಾಗಿರುತ್ತದೆ. ಹುಡುಗನದು ದುರುದ್ದೇಶವೇನಲ್ಲ. ಗಿರಾಕಿ ಕೊಡುವುದು ಮುನ್ನೂರೋ ಐನೂರೋ, ಅಷ್ಟಕ್ಕೆ ಅಸಲಿ ವಿಂಡೋಸ್ ಎಲ್ಲಿಂದ ತರುತ್ತಾನೆ?

ಕೆಎಂಎಸ್‌ಪಿಕೊ ಎಂಬ ಆಕ್ಟಿವೇಟರಿನ ಹೆಸರಲ್ಲಿ ಕ್ರಿಪ್ಟ್‌ಬಾಟ್ ಎಂಬ ಕಳ್ಳ ಪ್ರೋಗ್ರಾಮನ್ನು ಹಂಚುತ್ತಿದ್ದುದನ್ನು 2021ರಲ್ಲಿ ರೆಡ್ ಕ್ಯಾನರಿ ಎಂಬ ಭದ್ರತಾ ಸಂಸ್ಥೆ ಬಯಲಿಗೆಳೆಯಿತು. ತಮಾಷೆಯೆಂದರೆ, ಆಕ್ಟಿವೇಟ್ ಮಾಡದ ವಿಂಡೋಸ್ 10 ಅಥವಾ 11 ಕೆಲಸ ನಿಲ್ಲಿಸುವುದಿಲ್ಲ. ಮೂಲೆಯಲ್ಲಿ ಮಸುಕಾದ ಎರಡು ಸಾಲು ತೋರಿಸುತ್ತದೆ, ಗೋಡೆಚಿತ್ರ ಬದಲಾಯಿಸಲು ಸತಾಯಿಸುತ್ತದೆ, ಭದ್ರತಾ ಅಪ್‌ಡೇಟುಗಳನ್ನು ಮಾತ್ರ ತಪ್ಪದೆ ಕೊಡುತ್ತದೆ. ಪರವಾನಗಿಯ ಲೆಕ್ಕದಲ್ಲಿ ಅದೂ ಸರಿಯಲ್ಲ ಎನ್ನಿ. ಆದರೆ ಎರಡು ಸಾಲು ಕಣ್ಣಿಗೆ ಕಾಣಬಾರದೆಂದು ಗೊತ್ತುಗುರಿಯಿಲ್ಲದವನ ಪ್ರೋಗ್ರಾಮಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡುವುದು ಯಾವ ಜಾಣತನ?

ಸದ್ದು ಮಾಡದವನು

ರ‍್ಯಾನ್ಸಮ್‌ವೇರ್ ಬಂದರೆ ಗೊತ್ತಾದರೂ ಆಗುತ್ತದೆ. ಈಗ ಹೆಚ್ಚು ಓಡಾಡುತ್ತಿರುವುದು ಇನ್‌ಫೋಸ್ಟೀಲರ್, ಅಂದರೆ ಮಾಹಿತಿಗಳ್ಳ. ಬರುತ್ತದೆ, ಕ್ರೋಮ್ ಅಥವಾ ಎಡ್ಜ್‌ನಲ್ಲಿ ‘ಸೇವ್’ ಮಾಡಿದ ಪಾಸ್‌ವರ್ಡುಗಳು, ಕಾರ್ಡ್ ವಿವರ, ಕುಕಿಗಳು, ಡೆಸ್ಕ್‌ಟಾಪಿನ ಮೇಲಿನ ಟೆಕ್ಸ್ಟ್ ಫೈಲುಗಳನ್ನೆಲ್ಲ ಕಟ್ಟು ಕಟ್ಟಿ ಕಳಿಸಿ, ಎಷ್ಟೋ ಸಲ ತನ್ನನ್ನು ತಾನೇ ಅಳಿಸಿಕೊಂಡು ಹೋಗುತ್ತದೆ. ಕೆಲವೇ ನಿಮಿಷದ ಕೆಲಸ. ಆಮೇಲೆ ಸ್ಕ್ಯಾನ್ ಮಾಡಿದರೆ ಕಂಪ್ಯೂಟರ್ ಕ್ಲೀನ್!

‘ನಮ್ಮದು ಒಟಿಪಿ ಇದೆಯಲ್ಲ, ಏನು ಮಾಡಿಯಾರು’ ಎನ್ನುವವರು ಕುಕಿಯ ವಿಷಯ ತಿಳಿಯಬೇಕು. ಜಿಮೇಲಿಗೆ ಒಮ್ಮೆ ಪಾಸ್‌ವರ್ಡ್, ಒಟಿಪಿ ಎರಡೂ ಕೊಟ್ಟು ಒಳಗೆ ಹೋದ ಮೇಲೆ ದಿನಾ ಅದು ಮತ್ತೆ ಕೇಳುವುದಿಲ್ಲ. ಈ ಬ್ರೌಸರ್ ಪರಿಚಯದ್ದು ಎಂದು ಒಂದು ಗುರುತನ್ನು ಕೊಟ್ಟಿರುತ್ತದೆ, ಸಿನಿಮಾ ಇಂಟರ್‌ವಲ್‌ನಲ್ಲಿ ಹೊರಗೆ ಹೋಗುವವರಿಗೆ ಕೊಡುವ ಪಾಸಿನಂತೆ. ಪಾಸ್ ಕದ್ದವನನ್ನು ಗೇಟಿನವನು ಟಿಕೆಟ್ ಕೇಳುವುದಿಲ್ಲ. 2023ರ ಮಾರ್ಚಿನಲ್ಲಿ ಕೆನಡಾದ ಪ್ರಸಿದ್ಧ ಯೂಟ್ಯೂಬ್ ಚಾನೆಲ್ ಲೈನಸ್ ಟೆಕ್ ಟಿಪ್ಸ್ ಕೈತಪ್ಪಿದ್ದು ಹೀಗೆಯೇ. ಅವರ ಸಿಬ್ಬಂದಿಯೊಬ್ಬರು ಜಾಹೀರಾತಿನ ಪ್ರಸ್ತಾಪದ ಪಿಡಿಎಫ್ ಎಂದುಕೊಂಡು ತೆರೆದದ್ದು ಮಾಹಿತಿಗಳ್ಳನನ್ನು. ಬೆಳಗಾಗುವಷ್ಟರಲ್ಲಿ ಕೋಟಿಗಟ್ಟಲೆ ಚಂದಾದಾರರ ಚಾನೆಲಿನಲ್ಲಿ ಕ್ರಿಪ್ಟೊ ವಂಚನೆಯ ನೇರಪ್ರಸಾರ ನಡೆಯುತ್ತಿತ್ತು. ಕಂಪ್ಯೂಟರನ್ನೇ ಹೊಟ್ಟೆಪಾಡು ಮಾಡಿಕೊಂಡವರ ಕಥೆ ಇದು. ಅಡುಗೆಯ, ಕೃಷಿಯ ವಿಡಿಯೊ ಮಾಡುತ್ತಾ ನಾಲ್ಕು ಕಾಸು ನೋಡುತ್ತಿರುವ ನಮ್ಮ ಕನ್ನಡದ ಚಾನೆಲ್‌ನವರಿಗೂ ಇದೇ ಬಗೆಯ ‘ಪ್ರಮೋಷನ್’ ಮೇಲ್‌ಗಳು ಬರುತ್ತವೆ.

ಈ ಧಂದೆ ಎಷ್ಟು ದೊಡ್ಡದು ಎನ್ನಲು ಒಂದು ಲೆಕ್ಕ: 2025ರ ಮಾರ್ಚ್ 16ರಿಂದ ಮೇ 16ರವರೆಗೆ, ಬರೀ ಎರಡು ತಿಂಗಳಲ್ಲಿ, ಲುಮ್ಮಾ ಎಂಬ ಒಂದೇ ಕಳ್ಳ ಪ್ರೋಗ್ರಾಮು ಹೊಕ್ಕ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳನ್ನು ಮೈಕ್ರೋಸಾಫ್ಟ್ ಗುರುತಿಸಿತು. ಅಮೆರಿಕದ ನ್ಯಾಯ ಇಲಾಖೆ, ಯೂರೋಪೋಲ್ ಜೊತೆಗೂಡಿ ಅದರ ಸುಮಾರು 2,300 ಡೊಮೇನುಗಳನ್ನು ಕಿತ್ತುಹಾಕಿತು. ಒಬ್ಬನನ್ನು ಹಿಡಿದರೆ ಇನ್ನೊಬ್ಬ ಅಂಗಡಿ ತೆರೆಯುತ್ತಾನೆ, ಆ ಮಾತು ಬೇರೆ.

ಲುಮ್ಮಾ ಹರಡಿದ ಒಂದು ದಾರಿಯನ್ನು ಹತ್ತಿರದಿಂದ ನೋಡಬೇಕು, ಅಷ್ಟು ಸರಳವಾಗಿದೆ. ಸಿನಿಮಾ ಡೌನ್‌ಲೋಡ್ ಮಾಡಲಿಕ್ಕೋ ಪಿಡಿಎಫ್ ಪರಿವರ್ತಿಸಲಿಕ್ಕೋ ಯಾವುದೋ ತಾಣಕ್ಕೆ ಹೋಗಿದ್ದೀರಿ. ‘ನೀವು ರೋಬೊ ಅಲ್ಲ ಎಂದು ಖಚಿತಪಡಿಸಿ’ ಎಂಬ ಪರಿಚಿತ ಪೆಟ್ಟಿಗೆ, ಅಂದರೆ ಕ್ಯಾಪ್ಚಾ, ಬರುತ್ತದೆ. ಒತ್ತುತ್ತೀರಿ. ಟ್ರಾಫಿಕ್ ಲೈಟು, ಬಸ್ಸು ಹುಡುಕಿ ಎನ್ನುವ ಬದಲು ಮೂರು ಹಂತ ತೋರಿಸುತ್ತದೆ: ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಹೊಡೆಯಿರಿ. ನೀವು ಆ ಪೆಟ್ಟಿಗೆ ಒತ್ತಿದ ಕ್ಷಣದಲ್ಲೇ ನಿಮಗೆ ಗೊತ್ತಿಲ್ಲದಂತೆ ಒಂದು ಆದೇಶದ ಸಾಲನ್ನು ಕಾಪಿ ಮಾಡಿ ಇಟ್ಟಾಗಿದೆ. ವಿಂಡೋಸ್-ಆರ್ ಒತ್ತಿದರೆ ‘ರನ್’ ಕಿಟಕಿ ತೆರೆಯುತ್ತದೆ, ಕಂಟ್ರೋಲ್-ವಿ ಆ ಸಾಲನ್ನು ಅದರೊಳಗೆ ಅಂಟಿಸುತ್ತದೆ, ಎಂಟರ್ ಅದನ್ನು ಓಡಿಸುತ್ತದೆ. ಕಳ್ಳ ಏನನ್ನೂ ಮುರಿಯಲಿಲ್ಲ, ವಿಂಡೋಸಿನಲ್ಲಿ ಆದೇಶಗಳನ್ನು ಓಡಿಸುವ ಪವರ್‌ಶೆಲ್‌ಗೆ ಆದೇಶ ಕೊಟ್ಟವರು ನೀವು. ಯಾವ ಅಸಲಿ ಕ್ಯಾಪ್ಚಾವೂ ವಿಂಡೋಸ್ ಕೀ ಒತ್ತಲು ಕೇಳುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇವತ್ತೇ ಹೇಳಿಬಿಡಿ. ಗೇಮಿನ ಚೀಟ್ ಕೋಡ್ ಹುಡುಕಿಕೊಂಡು ಮೊದಲು ಅಲ್ಲಿಗೆ ಹೋಗುವವರು ಅವರೇ.

ಮ್ಯಾಕ್ ಇಟ್ಟುಕೊಂಡವರು ನಗಬೇಡಿ. ‘ಅಟಾಮಿಕ್’ ಎಂಬ ಮಾಹಿತಿಗಳ್ಳ 2023ರಿಂದ ನಿಮಗಾಗಿಯೇ ಇದೆ.

ಡಿಫೆಂಡರ್ ಸಾಕೇ?

‘ಯಾವ ಆ್ಯಂಟಿವೈರಸ್ ಒಳ್ಳೇದು ಸಾರ್?’ ಎಂಬುದು ಎಲ್ಲರ ಮೊದಲ ಪ್ರಶ್ನೆ. ಒಂದು ಕಾಲದಲ್ಲಿ ಅದು ಸರಿಯಾದ ಪ್ರಶ್ನೆಯೇ. ಪುಣೆಯಲ್ಲಿ ಕೈಲಾಶ್ ಕಾಟ್ಕರ್ ಕ್ಯಾಲ್ಕುಲೇಟರ್ ರಿಪೇರಿಯಿಂದ ಶುರುಮಾಡಿ, ತಮ್ಮ ಸಂಜಯ್ ಬರೆದ ಪ್ರೋಗ್ರಾಮಿನ ಬಲದಿಂದ ಕ್ವಿಕ್ ಹೀಲ್ ಕಟ್ಟಿದ ತೊಂಬತ್ತರ ದಶಕದಲ್ಲಿ ವಿಂಡೋಸಿಗೆ ತನ್ನದೇ ರಕ್ಷಣೆ ಇರಲಿಲ್ಲ. 2012ರ ವಿಂಡೋಸ್ 8ರಿಂದ ಡಿಫೆಂಡರ್ ಒಳಗೇ ಕೂತು ಬರುತ್ತಿದೆ. ಈಗಿನ ಡಿಫೆಂಡರ್ ಸಾಮಾನ್ಯ ಮನೆಗೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ದುಡ್ಡು ಕೊಟ್ಟು ಬೇರೆ ಹಾಕಿಸಿಕೊಂಡರೆ ತಪ್ಪಿಲ್ಲ. ಕ್ರ್ಯಾಕ್ ಮಾಡಿದ ಆ್ಯಂಟಿವೈರಸ್ ಹಾಕಿಸಿಕೊಳ್ಳುವವರನ್ನು ಮಾತ್ರ ದೇವರೇ ಕಾಪಾಡಬೇಕು. ಎರಡೆರಡು ಹಾಕುವುದರಿಂದ ಕಂಪ್ಯೂಟರ್ ತೆವಳುತ್ತದೆಯೇ ಹೊರತು ರಕ್ಷಣೆ ಇಮ್ಮಡಿಯಾಗುವುದಿಲ್ಲ.

ಡಿಫೆಂಡರ್ ಇದೆ ಎಂದಷ್ಟೇ ಕೂರಬೇಡಿ, ಒಮ್ಮೆ ‘ವಿಂಡೋಸ್ ಸೆಕ್ಯುರಿಟಿ’ ತೆರೆದು ನೋಡಿ. ‘ಎಕ್ಸ್‌ಕ್ಲೂಷನ್ಸ್’ ಎಂಬಲ್ಲಿ ಅಂಗಡಿಯವನು ವಿನಾಯಿತಿ ಕೊಟ್ಟ ಫೋಲ್ಡರುಗಳ ಪಟ್ಟಿ ಸಿಗುತ್ತದೆ, ಗುರುತಿಲ್ಲದ್ದನ್ನು ತೆಗೆದುಹಾಕಿ. ಬೇರೆ ಪ್ರೋಗ್ರಾಮು ಡಿಫೆಂಡರ್ ಆಫ್ ಮಾಡದಂತೆ ತಡೆಯುವ ‘ಟ್ಯಾಂಪರ್ ಪ್ರೊಟೆಕ್ಷನ್’ ಆನ್ ಇರಲಿ. ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂಬುದೊಂದಿದೆ, 2017ರಲ್ಲಿ ಬಂತು, ತಾನಾಗಿ ಆನ್ ಇರುವುದಿಲ್ಲ. ಅದನ್ನು ಆನ್ ಮಾಡಿದರೆ ಅಪರಿಚಿತ ಪ್ರೋಗ್ರಾಮುಗಳು ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಿಗೆ ಕೈ ಹಾಕಲಾರವು. ಹಳೆಯ ಪ್ರೋಗ್ರಾಮುಗಳು ಫೈಲ್ ಸೇವ್ ಮಾಡಲಾರದೆ ಒದ್ದಾಡಬಹುದು, ಅವಕ್ಕೆ ಒಮ್ಮೆ ಅನುಮತಿ ಕೊಟ್ಟರೆ ಆಯಿತು. ಸ್ವಲ್ಪ ಕಿರಿಕಿರಿ, ಆದರೆ ಸ್ಟಾಪ್‌ನಂಥದ್ದಕ್ಕೆ ನೇರ ಅಡ್ಡಗೋಡೆ.

ಮಕ್ಕಳಿಗೆ ಬೇರೆ ಯೂಸರ್ ಅಕೌಂಟ್ ಮಾಡಿಕೊಡಿ, ಅದು ‘ಸ್ಟ್ಯಾಂಡರ್ಡ್’ ಇರಲಿ. ಆ ಅಕೌಂಟಿನಲ್ಲಿ ಓಡಿದ ವೈರಸ್ ಡಿಫೆಂಡರ್ ಆಫ್ ಮಾಡಲಾರದು, ಅಪ್ಪನ ಅಕೌಂಟಿನ ಡಾಕ್ಯುಮೆಂಟ್ಸ್ ಒಳಗೆ ಕಾಲಿಡಲಾರದು. ಮಗನ ಫೈಲುಗಳನ್ನು ಮಾತ್ರ ಹಾಳುಮಾಡುತ್ತದೆ, ಅದಕ್ಕೆ ಉಪಾಯವಿಲ್ಲ.

ಅಪ್‌ಡೇಟಿನ ಬಗ್ಗೆ ನಮ್ಮ ಜನರ ಸಿಟ್ಟು ಅರ್ಥವಾಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬಲು ಹತ್ತು ಜನ ನಿಂತಾಗಲೇ ಅದು ರೀಸ್ಟಾರ್ಟ್ ಆಗಬೇಕೇ? ಆದರೂ 2017ನ್ನು ನೆನಪಿಸಿಕೊಳ್ಳಿ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ತೇಪೆ ಹಾಕುತ್ತದೆ. ಆ ವರ್ಷ ಮಾರ್ಚ್ 14ರ ಮಂಗಳವಾರ ಹಾಕಿದ ತೇಪೆಯಲ್ಲಿ ಒಂದು ದೊಡ್ಡ ತೂತು ಮುಚ್ಚಿತ್ತು. ಮೇ 12ರಂದು ಅದೇ ತೂತಿನಿಂದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ನುಗ್ಗಿ 150 ದೇಶಗಳಲ್ಲಿ ಹರಡಿತು. ಬ್ರಿಟನ್ನಿನ ಆಸ್ಪತ್ರೆಗಳು ನಿಂತವು, ನಮ್ಮ ಪಕ್ಕದ ಆಂಧ್ರದ ಪೊಲೀಸ್ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಕ್ಲಿಕ್ ಮಾಡುವ ಅಗತ್ಯವೇ ಇಲ್ಲದೆ ಯಂತ್ರದಿಂದ ಯಂತ್ರಕ್ಕೆ ಹಾರುತ್ತಿದ್ದ ಅದನ್ನು ಮಾರ್ಕಸ್ ಹಚಿನ್ಸ್ ಎಂಬ ಬ್ರಿಟಿಷ್ ತರುಣ ಹತ್ತು ಡಾಲರ್ ಚಿಲ್ಲರೆಗೆ ಒಂದು ಡೊಮೇನ್ ಹೆಸರು ನೋಂದಾಯಿಸಿ ನಿಲ್ಲಿಸಿದ. ಅಪ್‌ಡೇಟ್ ಹಾಕಿಕೊಳ್ಳಲು ಎರಡು ತಿಂಗಳು ಸಮಯವಿತ್ತು.

ತೇಪೆ ಬೀಳದ ತೂತಿನ ಅಪಾಯ ಈಗ ವಿಂಡೋಸ್ 10ಕ್ಕೂ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲು ಅಪ್‌ಡೇಟ್ ನಿಂತಿತು. ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟುಗಳ ವಿಸ್ತರಣೆ ಉಂಟು, ನಾವಾಗಿ ನೋಂದಾಯಿಸಿಕೊಳ್ಳಬೇಕು. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡರೆ ದುಡ್ಡೂ ಬೇಡ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ, ಇಂಟೆಲ್ ಎಂಟನೇ ತಲೆಮಾರಿಗಿಂತ ಹಿಂದಿನ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಕೂರುವುದಿಲ್ಲ. ಬ್ರೌಸರು, ಮೇಲು, ಮಕ್ಕಳ ಆನ್‌ಲೈನ್ ಪಾಠ ಇಷ್ಟೇ ಬಳಕೆಯಾದರೆ ಅಂಥ ಯಂತ್ರಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿಸಿ. ಆಫೀಸಿನ ಬದಲಿಗೆ ಬಳಸಬಹುದಾದ ಲಿಬ್ರೆಆಫೀಸಿನಲ್ಲಿ ಕನ್ನಡದ ಮೆನುಗಳೂ ಇವೆ.

ಕೇಬಲ್ ಕಿತ್ತಿಟ್ಟ ಡಿಸ್ಕು

ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಯಾರೋ ಒತ್ತಬಾರದ್ದನ್ನು ಒತ್ತುತ್ತಾರೆ. ಆ ದಿನಕ್ಕೆ ಬೇಕಾಗುವುದು ಬ್ಯಾಕಪ್. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಾಚೆ ಎಂಬ ಸೂತ್ರ ವೃತ್ತಿಪರರದು. ಮನೆಯವರಿಗೆ ಅದರ ಮುಖ್ಯ ಅಂಶ ಸಾಕು: ಒಂದು ಪ್ರತಿಯಾದರೂ ಕಂಪ್ಯೂಟರಿಗೆ ಅಂಟಿಕೊಂಡಿರಬಾರದು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು ಅದನ್ನು ಸಿಪಿಯು ಹಿಂದೆ ಖಾಯಂ ಚುಚ್ಚಿಟ್ಟವರ ಬ್ಯಾಕಪ್ಪಿಗೂ ಬೀಗ ಬಿದ್ದಿದೆ. ರ‍್ಯಾನ್ಸಮ್‌ವೇರಿಗೆ ಡಿ ಡ್ರೈವೂ ಒಂದೇ, ಹೊರಗಿನ ಡಿಸ್ಕೂ ಒಂದೇ. ತಿಂಗಳಿಗೊಮ್ಮೆ, ಡಿಟಿಪಿ ಅಂಗಡಿಯಾದರೆ ವಾರಕ್ಕೊಮ್ಮೆ ಚುಚ್ಚಿ ನಕಲು ಮಾಡಿ ಕೇಬಲ್ ಕಿತ್ತು ಬೀರುವಿನಲ್ಲಿಡಿ.

ಗೂಗಲ್ ಡ್ರೈವ್, ಒನ್‌ಡ್ರೈವ್ ಇದೆ ಎನ್ನುವವರು ಒಂದು ಸಂಗತಿ ಗಮನಿಸಿ. ಅವು ಸಿಂಕ್ ಮಾಡುವುದು ಬದಲಾವಣೆಯನ್ನು. ಇಲ್ಲಿ ಫೈಲ್ ಕೆಟ್ಟರೆ ಅಲ್ಲೂ ಕೆಟ್ಟ ಪ್ರತಿಯೇ ಹೋಗಿ ಕೂರುತ್ತದೆ. ಆದರೆ ಹಳೆಯ ಆವೃತ್ತಿಗಳನ್ನು ಕೆಲವು ಕಾಲ, ಗೂಗಲ್ ಡ್ರೈವಿನಲ್ಲಿ ಸಾಮಾನ್ಯವಾಗಿ 30 ದಿನ, ಇಟ್ಟುಕೊಂಡಿರುತ್ತವೆ. ಅಷ್ಟರೊಳಗೆ ಎಚ್ಚೆತ್ತರೆ ಹಿಂದಕ್ಕೆ ಹೋಗಬಹುದು.

ಬ್ಯಾಕಪ್ಪಿನಿಂದ ಒಂದು ಫೈಲನ್ನಾದರೂ ಆಗಾಗ ತೆರೆದು ನೋಡುವುದು ಒಳ್ಳೆಯದು. ಹತ್ತು ವರ್ಷದ ಮದುವೆ ಆಲ್ಬಮ್ಮುಗಳನ್ನು ಇಟ್ಟ ಡಿಸ್ಕು ಬೇಕಾದ ದಿನವೇ ಕಟಕಟ ಎಂದು ನಿಂತ ಪ್ರಸಂಗಗಳಿಗೆ ವೈರಸ್ ಬೇಕಿಲ್ಲ.

ಬಿದ್ದ ಮೇಲೆ

ಫೈಲುಗಳ ಹೆಸರು ಬದಲಾಗುತ್ತಿರುವುದು ಕಂಡರೆ ಮೊದಲು ವೈಫೈ ಆಫ್, ನೆಟ್ ಕೇಬಲ್ ಕೀಳಿ, ಹೊರಗಿನ ಡಿಸ್ಕು, ಪೆನ್‌ಡ್ರೈವುಗಳನ್ನು ತೆಗೆಯಿರಿ. ರೀಡ್‌ಮಿ ಕಾಗದವನ್ನೂ ಬೀಗ ಬಿದ್ದ ಫೈಲುಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟ ಮೇಲೆ ಫಾರ್ಮ್ಯಾಟಿನ ಮಾತು. ‘ನೋ ಮೋರ್ ರ‍್ಯಾನ್ಸಮ್’ ಎಂಬ ತಾಣ ಡಚ್ ಪೊಲೀಸರು, ಯೂರೋಪೋಲ್ ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ತೆರೆದದ್ದು. ಸಿಕ್ಕಿದ ಕೀಲಿಗಳನ್ನೆಲ್ಲ ಅಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಇವತ್ತು ಇಲ್ಲದ ಕೀಲಿ ಮುಂದೆ ಸಿಗಬಹುದು, ಹಾಗಾಗಿ ಫೈಲು ಅಳಿಸಬೇಡಿ. ಗೂಗಲಿನಲ್ಲಿ ಹುಡುಕಿದಾಗ ಮೊದಲು ಬರುವ ‘ನೂರಕ್ಕೆ ನೂರು ಡಿಕ್ರಿಪ್ಟ್ ಮಾಡಿಕೊಡುತ್ತೇವೆ’ ಎಂಬ ಜಾಹೀರಾತುಗಳನ್ನು ನಂಬಿದರೆ ಎರಡನೇ ಸಲ ಸುಲಿಗೆ. ಸ್ಟಾಪ್‌ನ ನಕಲಿ ಡಿಕ್ರಿಪ್ಟರ್ ಹೆಸರಲ್ಲಿ ಇನ್ನೊಂದು ರ‍್ಯಾನ್ಸಮ್‌ವೇರ್ ಹಂಚಿದವರೂ ಇದ್ದಾರೆ.

ಮಾಹಿತಿಗಳ್ಳನ ಅನುಮಾನ ಬಂದರೆ ದಾರಿ ಬೇರೆ. ಪಾಸ್‌ವರ್ಡ್ ಬದಲಾಯಿಸಬೇಕು, ಆದರೆ ಅದೇ ಕಂಪ್ಯೂಟರಿನಿಂದಲ್ಲ. ಫೋನಿನಿಂದ ಮೊದಲು ಇಮೇಲ್, ಆಮೇಲೆ ಬ್ಯಾಂಕು, ಆಮೇಲೆ ಉಳಿದದ್ದು. ಪಾಸ್‌ವರ್ಡ್ ಬದಲಾಯಿಸಿದರಷ್ಟೇ ಸಾಲದು, ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಮಾಡಿದರೆ ಕದ್ದ ಕುಕಿಗಳು ಕೆಲಸಕ್ಕೆ ಬಾರದಂತಾಗುತ್ತವೆ. ಕಂಪ್ಯೂಟರಿಗೆ ಈ ಸಲ ನಿಜವಾದ ಫಾರ್ಮ್ಯಾಟ್ ಮಾಡಿಸಿ, ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿದ ವಿಂಡೋಸ್‌ನಿಂದ.

ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಮ್ಮ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಗಳಿವೆ. ದೂರು ಕೊಡುವಾಗ ಕ್ರ್ಯಾಕ್ ಹಾಕಿದ್ದೆ ಎಂದು ಹೇಳಲು ಮುಜುಗರಪಟ್ಟು ಕಥೆ ಕಟ್ಟಬೇಡಿ, ವೈರಸ್ ಎಲ್ಲಿಂದ ಬಂತು ಎಂಬುದೇ ತನಿಖೆಯ ಮೊದಲ ಎಳೆ. ಕಂಪ್ಯೂಟರನ್ನು ದೂರದಿಂದ ಆಡಿಸುವ ಬಾಟ್‌ಗಳನ್ನು ಹುಡುಕಿ ತೆಗೆಯುವ ಉಚಿತ ಸಾಧನಗಳು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ಸಿಗುತ್ತವೆ.

ಡಿಟಿಪಿ ಅಂಗಡಿಯವರ ಸಂಕಟ ಇಷ್ಟಕ್ಕೆ ತೀರುವುದಿಲ್ಲ, ಅದು ನನಗೆ ಗೊತ್ತು. ಇಂಕ್‌ಸ್ಕೇಪ್, ಸ್ಕ್ರೈಬಸ್ ಪುಕ್ಕಟೆ ಇವೆ, ಹಾಕಿಕೊಳ್ಳಿ ಎನ್ನುವುದು ಸುಲಭ. ಗಿರಾಕಿ ತರುವುದು ಕೋರಲ್ ಫೈಲು, ಪ್ರೆಸ್ಸಿನವನು ಕೇಳುವುದು ಕೋರಲ್ ಫೈಲು, ಹಳೆಯ ಕರಪತ್ರವೆಲ್ಲ ನುಡಿ ತಂತ್ರಾಂಶದ ಆಸ್ಕಿ ಅಕ್ಷರದಲ್ಲಿ ಪೇಜ್‌ಮೇಕರಿನೊಳಗೆ. ಇಂಥವರಿಗೆ ಹೇಳಬಹುದಾದ ಉಪಾಯವೆಂದರೆ ಎರಡು ಯಂತ್ರ. ಹಳೆಯ ಸಾಫ್ಟ್‌ವೇರ್ ಇರುವುದಕ್ಕೆ ಇಂಟರ್ನೆಟ್ ಬೇಡವೇ ಬೇಡ, ಅದು ಟೈಪಿಂಗ್‌ಗೆ, ಡಿಸೈನಿಗೆ ಮಾತ್ರ. ವಾಟ್ಸ್ಯಾಪ್ ವೆಬ್, ಇಮೇಲ್, ಸೇವಾಸಿಂಧು, ಪಹಣಿ ಪ್ರಿಂಟು, ಗಿರಾಕಿಗಳ ಪೆನ್‌ಡ್ರೈವು ಎಲ್ಲಕ್ಕೂ ಇನ್ನೊಂದು, ಅದರಲ್ಲಿ ಅಸಲಿ ವಿಂಡೋಸ್ ಇಲ್ಲವೇ ಲಿನಕ್ಸ್. ಪೆನ್‌ಡ್ರೈವನ್ನು ಮೊದಲು ಈ ಎರಡನೆಯದರಲ್ಲಿ ಸ್ಕ್ಯಾನ್ ಮಾಡಿ, ಬೇಕಾದ ಫೈಲನ್ನಷ್ಟೇ ಅಂಗಡಿಯ ಸ್ವಂತ ಪೆನ್‌ಡ್ರೈವಿಗೆ ಹಾಕಿಕೊಂಡು ಆಚೆ ಯಂತ್ರಕ್ಕೆ ಒಯ್ಯಿರಿ. ಎರಡನೇ ಯಂತ್ರಕ್ಕೆ ಹೊಸದೇ ಬೇಕೆಂದಿಲ್ಲ, ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಸಾಕು.